ಪ್ರಶ್ನೆ-ಉತ್ತರ: ಚಾಕಲೇಟ್ ಊರಿನ ಕರಡಿಗಳು

ಬಂಗಾರಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಪತ್ರ ಬರೆದಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಐಸ್ ಹಾಕಿ’ ಅಂತಿತ್ತು. ನಾನು ಯಾವುದೋ ಜ್ಯೂಸ್ ಅಂಗಡಿ ಮೇಲಿನ ದೂರು ಅಂದುಕೊಂಡೆ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ‘ಐಸ್ ಹಾಕಿ’ ಅಂದರೆ ಬೇರೆ ಅರ್ಥ ಯಾರಿಗೆ ಹೊಳೆಯುತ್ತೆ ಹೇಳಿ. ಹೋದ ಸಂಚಿಕೆಯಲ್ಲಿ ಆ ಪತ್ರವನ್ನಷ್ಟೇ ಹಾಕಿ, ಉತ್ತರ ಮುಂದಿನ ಸಲ ಎಂದು ಜಾರಿಕೊಂಡಿದ್ದೆ. ಅಷ್ಟರಲ್ಲಿ ಅದೇ ವಿಷಯಕ್ಕೆ ಇನ್ನಷ್ಟು ಪತ್ರ ಬಂದವು. ಹಾಗಾಗಿ ಈ ಸಲ ಪೂರ್ತಿ ಅದೇ. ರೇಷ್ಮೆ ಗೂಡಿನ ಬೆಲೆ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾನೆ. 2025ರ ಜನವರಿಯಲ್ಲಿ ನಾನೂ ನಮ್ಮ ಮನೆಯವರೂ ಹೋಗಿದ್ದಾಗ ಹರ್ಷಿ ಎಂಬ ಸಣ್ಣ ಊರಿಗೆ ಐಸ್ ಹಾಕಿ ಮ್ಯಾಚ್ ತೋರಿಸಲು ಕರೆದುಕೊಂಡು ಹೋದ. ಮೊದಲ ಗೋಲ್ ಬಿದ್ದಿದ್ದೇ ತಡ, ಜನ ಎದ್ದು ನಿಂತು ಕರಡಿ ಗೊಂಬೆಗಳನ್ನು ಮೈದಾನಕ್ಕೆ ಎಸೆಯಲು ಶುರು ಮಾಡಿದರು. ಮಳೆ ಥರ. ನಮ್ಮ ಮನೆಯವರು ಮೊಮ್ಮಗಳ ಗೊಂಬೆಯನ್ನು ಸೀರೆ ಸೆರಗಲ್ಲಿ ಮುಚ್ಚಿಟ್ಟುಕೊಂಡು ಕೂತರು. ಇದು ಮೈನರ್ ಲೀಗ್ ತಂಡವಂತೆ, ಅಂದರೆ ಎರಡನೇ ದರ್ಜೆ. ಆದರೂ ಅಷ್ಟು ಜನ! ಅಷ್ಟು ಹಳೆಯದು ಬೇರೆ! ಇದರ ಕಥೆ ಏನು, ಇಷ್ಟು ವರ್ಷ ಹೇಗೆ ಉಳಿಯಿತು? — ನಿವೃತ್ತ ಶಿಕ್ಷಕರು, ಬಂಗಾರಪೇಟೆ

ಉತ್ತರ: ಮೇಷ್ಟ್ರೇ, ನೀವು ಸಾಮಾನ್ಯ ಮ್ಯಾಚ್ ನೋಡಿಲ್ಲ. ಆ ದಿನ ಐಸ್ ಮೇಲೆ ಬಿದ್ದ ಗೊಂಬೆಗಳು 1,02,343. ಅದು ದಾಖಲೆ. ಹಿಂದಿನ ವರ್ಷ ಅದೇ ತಂಡದ ಮ್ಯಾಚಲ್ಲಿ 74,599 ಬಿದ್ದಿದ್ದವು, ಅದೂ ಆಗಿನ ದಾಖಲೆಯೇ. ಗೊಂಬೆಗಳೆಲ್ಲ ಸುತ್ತಮುತ್ತಲಿನ ಸೇವಾ ಸಂಸ್ಥೆಗಳ ಮೂಲಕ ಮಕ್ಕಳಿಗೆ ಹೋಗುತ್ತವೆ. ನಿಮ್ಮ ಮೊಮ್ಮಗಳದ್ದು ಉಳಿಯಿತಲ್ಲ, ಒಳ್ಳೆಯದೇ ಆಯಿತು.

ಈಗ ಕಥೆ. ತಂಡದ ಹೆಸರು ಹರ್ಷಿ ಬೇರ್ಸ್. ಬೇರ್ ಅಂದರೆ ಕರಡಿ, ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರಿಗೆ ಎಲುಗುಬಂಟಿ. ಆದರೆ ಆ ಊರಿಗೂ ಕರಡಿಗೂ ಸಂಬಂಧವೇ ಇಲ್ಲ. ಸಂಬಂಧ ಇರೋದು ಚಾಕಲೇಟಿಗೆ. ಮಿಲ್ಟನ್ ಹರ್ಷಿ ಎಂಬ ಮನುಷ್ಯ, 1857ರಲ್ಲಿ ಹುಟ್ಟಿದವರು, ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಫಿಲಡೆಲ್ಫಿಯಾದಲ್ಲಿ ಮಿಠಾಯಿ ಅಂಗಡಿ ಹಾಕಿ ಕೈ ಸುಟ್ಟುಕೊಂಡರು, ನ್ಯೂಯಾರ್ಕಿನಲ್ಲೂ ಅದೇ ಗತಿ. ಕೊನೆಗೆ ಲ್ಯಾಂಕಾಸ್ಟರ್ ಎಂಬಲ್ಲಿ ಕ್ಯಾರಮೆಲ್ ಮಿಠಾಯಿ ಕೈ ಹಿಡಿಯಿತು. ಆ ಕಂಪನಿಯನ್ನು 1900ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಿ, ಹುಟ್ಟಿದ ಹಳ್ಳಿಯ ಪಕ್ಕದ ಹೊಲಗಳಲ್ಲಿ ಚಾಕಲೇಟ್ ಕಾರ್ಖಾನೆ ಕಟ್ಟಲು ಹೊರಟರು. ಯಾಕೆ ಅಲ್ಲೇ ಅಂದರೆ ಹಾಲು. ಸುತ್ತಲೂ ಹಸು ಸಾಕುವವರು. ಹಾಲಿನ ಚಾಕಲೇಟಿಗೆ ಹಾಲು ತಾನೇ ಮುಖ್ಯ, ಇದನ್ನು ಡೇರಿಗೆ ಹಾಲು ಹಾಕುವ ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. 1905ರ ಹೊತ್ತಿಗೆ ಕಾರ್ಖಾನೆ ಸಿದ್ಧ. ಜೊತೆಗೆ ಕೆಲಸಗಾರರಿಗೆ ಮನೆ, ರಸ್ತೆ, ಟ್ರಾಮ್, ಪಾರ್ಕು, ಅಂದರೆ ಒಂದು ಊರೇ ಎದ್ದಿತು. ಮುಖ್ಯ ರಸ್ತೆಯ ಹೆಸರೇ ಚಾಕಲೇಟ್ ಅವೆನ್ಯೂ.

ಆ ಊರಿಗೆ ಹಾಕಿ ಬಂದದ್ದು 1931ರ ಫೆಬ್ರವರಿಯಲ್ಲಿ. ಹೊರಗಿನ ಎರಡು ಹವ್ಯಾಸಿ ತಂಡಗಳನ್ನು ಕರೆಸಿ ಆಡಿಸಿದರು. ಜಾಗದ ಹೆಸರು ಐಸ್ ಪ್ಯಾಲೇಸ್. ಎರಡು ಸಾವಿರ ಜನಕ್ಕೂ ಜಾಗ ಇರಲಿಲ್ಲ. ಅದು ಅಮೆರಿಕದಲ್ಲಿ ಆರ್ಥಿಕ ಮಹಾ ಕುಸಿತದ ಕಾಲ, ಎಲ್ಲ ಕಡೆ ಕೆಲಸ ಹೋಗುತ್ತಿತ್ತು. ಆದರೂ ಜನ ನುಗ್ಗಿದರು. ಊರಿನ ಮನರಂಜನೆ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾನ್ ಸೋಲನ್‌ಬರ್ಗರ್ ಇದನ್ನು ಗಮನಿಸಿದರು. ಹೊರಗಿನವರನ್ನು ಕರೆಸಿ ಆಡಿಸುವ ಬದಲು ನಮ್ಮದೇ ತಂಡ ಯಾಕಿರಬಾರದು ಎಂದು 1932ರಲ್ಲಿ ಒಂದು ತಂಡ ಕಟ್ಟಿದರು. ಅದೇ ವರ್ಷ ಕೆನಡಾದಿಂದ ಬಂದ ಲಾಯ್ಡ್ ಬ್ಲಿಂಕೋ ಎಂಬ ಆಟಗಾರ ಅಲ್ಲೇ ಉಳಿದುಬಿಟ್ಟರು. ಮೊದಲು ಆಡಿದರು, ಆಮೇಲೆ ಕೋಚ್, ಆಮೇಲೆ ಮ್ಯಾನೇಜರ್.

ಹೆಸರಿನ ಕಥೆ ಚೆನ್ನಾಗಿದೆ. ಮೊದಲು ಇಟ್ಟದ್ದು ‘ಬಾರ್ಸ್’, ಚಾಕಲೇಟ್ ಬಾರ್ ಅಂತಾರಲ್ಲ, ಅದು. (ನಮ್ಮಲ್ಲಿ ಬಾರ್ಸ್ ಎಂದು ತಂಡ ಕಟ್ಟಿದರೆ ಪ್ರಾಯೋಜಕರು ಯಾರೆಂದು ಕೇಳಬೇಕಾಗಿಯೇ ಇಲ್ಲ.) ಪದದ ನಡುವೆ ಒಂದು ಗುರುತು ಸೇರಿಸಿ (B’ars), ಬಾರ್ಸ್ ಅಂತಲೂ ಓದಬಹುದು, ಬೇರ್ಸ್ ಅಂತಲೂ ಓದಬಹುದು ಎನ್ನುವ ಹಾಗೆ ಬರೆಯುತ್ತಿದ್ದರು. ಒಂದು ಕಾಲಕ್ಕೆ ಸಂಕೋಚವೇ ಇಲ್ಲದೆ ‘ಚಾಕಲೇಟ್ ಬಾರ್ಸ್’ ಎಂದೇ ಕರೆದುಕೊಂಡರು. ಇದು ತಂಡವೋ ಜಾಹೀರಾತೋ ಎಂದು ಹೊರಗಿನವರು ಗೊಣಗಿದರು. 1936ರಲ್ಲಿ ಗುರುತು ತೆಗೆದು ಸೀದಾ ‘ಬೇರ್ಸ್’ ಮಾಡಿದರು. ಹೀಗೆ ಮಾತಿನ ಆಟದಿಂದ ಕರಡಿ ಹುಟ್ಟಿತು. ಬಣ್ಣ ಮಾತ್ರ ಈಗಲೂ ಚಾಕಲೇಟಿನದ್ದೇ.

ಅದೇ 1936ರ ಡಿಸೆಂಬರಿನಲ್ಲಿ ಹೊಸ ಅರೀನಾ, ಅಂದರೆ ಒಳಾಂಗಣ ಕ್ರೀಡಾಂಗಣ, ತೆರೆಯಿತು. ಏಳು ಸಾವಿರಕ್ಕೂ ಜಾಸ್ತಿ ಆಸನ. ಊರಿನ ಜನಸಂಖ್ಯೆ ಅಷ್ಟಿತ್ತೋ ಇಲ್ಲವೋ! ಕುಸಿತದ ಕಾಲದಲ್ಲಿ ಜನರಿಗೆ ಕೂಲಿ ಸಿಗಲಿ ಎಂದು ಮಿಲ್ಟನ್ ಹರ್ಷಿಯವರು ಹೋಟೆಲು, ಸಮುದಾಯ ಭವನ, ಸ್ಟೇಡಿಯಂ ಎಂದು ಸಾಲಾಗಿ ಕಟ್ಟಿಸುತ್ತಿದ್ದರು, ಅದರಲ್ಲಿ ಇದೂ ಒಂದು. ಆಂಟನ್ ಟೆಡೆಸ್ಕೋ ಎಂಬ ಇಂಜಿನಿಯರ್ ಕೊಟ್ಟ ವಿನ್ಯಾಸದಲ್ಲಿ ಒಳಗೆ ಒಂದೇ ಒಂದು ಕಂಬ ಇಲ್ಲ. ಅರ್ಧ ಕತ್ತರಿಸಿದ ಪೀಪಾಯಿ ಬೋರಲು ಹಾಕಿದ ಹಾಗೆ ಕಾಂಕ್ರೀಟ್ ಚಾವಣಿ. ಅಗಲ 222 ಅಡಿ, ಕಾಂಕ್ರೀಟಿನ ದಪ್ಪ ಮಾತ್ರ ಮೂರೂವರೆ ಇಂಚು. ನಮ್ಮ ಮನೆಯ ಆರ್‌ಸಿಸಿ ತಾರಸಿ ಇದಕ್ಕಿಂತ ದಪ್ಪ, ಆದರೂ ಮಳೆಗಾಲದಲ್ಲಿ ಸೋರುತ್ತದೆ.

ಅಲ್ಲಿಂದ 1938ರಲ್ಲಿ ತಂಡ ವೃತ್ತಿಪರ ಲೀಗಿಗೆ ಸೇರಿತು. ಆ ಲೀಗಿಗೇ ಈಗ ಅಮೆರಿಕನ್ ಹಾಕಿ ಲೀಗ್ ಅಂತಾರೆ, ಚಿಕ್ಕದಾಗಿ ಎಎಚ್‌ಎಲ್. ಸೇರಿದ್ದು ಸೇರಿದ್ದೇ. ಊರು ಬದಲಾಗಿಲ್ಲ, ಹೆಸರು ಬದಲಾಗಿಲ್ಲ, ಲೀಗೂ ಅದೇ. ಅಷ್ಟು ಕಾಲ ಬಿಡದೆ ಅಲ್ಲಿ ಆಡಿದ ಇನ್ನೊಂದು ತಂಡ ಇಲ್ಲ. ಲೀಗಿನ ಟ್ರೋಫಿ ಕಾಲ್ಡರ್ ಕಪ್. ಅದನ್ನು ಮೊದಲು ಗೆದ್ದದ್ದು 1947ರಲ್ಲಿ, 2024ರ ಹೊತ್ತಿಗೆ ಲೆಕ್ಕ 13. ಅಷ್ಟು ಯಾರಿಗೂ ಇಲ್ಲ.

ಉಳಿದಿದ್ದು ಹೇಗೆ ಅಂದಿರಿ. ಪಕ್ಕದಲ್ಲಿ ಉಳಿಯದವರನ್ನು ನೋಡಿದರೆ ಗೊತ್ತಾಗುತ್ತೆ. ಅದೇ ರಾಜ್ಯದ ದೊಡ್ಡ ನಗರ ಪಿಟ್ಸ್‌ಬರ್ಗ್. ಅಲ್ಲಿ ಹಾರ್ನೆಟ್ಸ್ ಎಂಬ ತಂಡ. 1956ರಲ್ಲಿ ಅವರು ಆಡುತ್ತಿದ್ದ ಕಟ್ಟಡ ಕೆಡವಿದರು, ತಂಡ ನಿಂತೇ ಹೋಯಿತು. ಐದು ವರ್ಷ ಆದ ಮೇಲೆ ಹೊಸ ಕಟ್ಟಡ ಬಂತು, ತಂಡ ಮತ್ತೆ ಹುಟ್ಟಿತು. 1967ರಲ್ಲಿ ಕಾಲ್ಡರ್ ಕಪ್ ಗೆದ್ದಿತು. ಗೆದ್ದ ಕೂಡಲೇ ಮುಚ್ಚಿದರು! ಯಾಕೆಂದರೆ ನಗರಕ್ಕೆ ಮೇಲಿನ ದರ್ಜೆಯ ಹೊಸ ತಂಡ ಬಂದಿತ್ತು. ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ಅಂತ ಇನ್ನೊಂದು. ಒಂಬತ್ತು ಕಪ್ ಗೆದ್ದ ದೈತ್ಯರು. 1973ರಲ್ಲಿ ಸೀಸನ್ ನಡುವೆಯೇ ಗಂಟುಮೂಟೆ ಕಟ್ಟಿ ಫ್ಲಾರಿಡಾ ಕಡೆ ಹೋದರು. ಅಮೆರಿಕದಲ್ಲಿ ತಂಡ ಅಂದರೆ ಮಾಲೀಕರ ಆಸ್ತಿ. ಲಾಭ ಕಾಣದಿದ್ದರೆ ಲಾರಿಗೆ ತುಂಬಿ ಬೇರೆ ಊರಿಗೆ ಹೊರಡಬಹುದು. ಅಭಿಮಾನಿಗೆ ಉಳಿಯೋದು ಹಳೇ ಟೀ ಶರ್ಟ್ ಮಾತ್ರ.

ಹರ್ಷಿಯಲ್ಲಿ ಆ ಮಾಲೀಕ ಎದ್ದು ಹೋಗುವ ಹಾಗಿಲ್ಲ. ಮಿಲ್ಟನ್ ಹರ್ಷಿ ದಂಪತಿಗೆ ಮಕ್ಕಳಿರಲಿಲ್ಲ. 1909ರಲ್ಲಿ ಅನಾಥ ಹುಡುಗರಿಗೆ ಒಂದು ವಸತಿ ಶಾಲೆ ಶುರು ಮಾಡಿದರು. ಹೆಂಡತಿ ಕ್ಯಾಥರೀನ್ 1915ರಲ್ಲಿ ತೀರಿಕೊಂಡರು. 1918ರಲ್ಲಿ ತಮ್ಮ ಆಸ್ತಿಯ ಬಹುಪಾಲನ್ನು, ಸುಮಾರು ಆರು ಕೋಟಿ ಡಾಲರ್ ಬೆಲೆಯ ಷೇರುಗಳನ್ನು, ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟರು. ಸುದ್ದಿ ಹೊರಗೆ ಬಂದದ್ದೇ ವರ್ಷಗಳ ನಂತರ. ಇವತ್ತು ಹಾಕಿ ತಂಡ, ಅರೀನಾ, ಅಮ್ಯೂಸ್‌ಮೆಂಟ್ ಪಾರ್ಕು, ಹೋಟೆಲು ನಡೆಸೋದು ಒಂದೇ ಕಂಪನಿ, ಆ ಕಂಪನಿ ಇರೋದು ಟ್ರಸ್ಟಿನ ಕೈಯಲ್ಲಿ. ತಂಡದ ಟಿಕೆಟ್ ದುಡ್ಡು ಸುತ್ತಿ ಬಳಸಿ ಒಂದು ವಸತಿ ಶಾಲೆಯ ಖಾತೆ ಕಡೆ ಹೋಗುತ್ತೆ. ಶಾಲೆಯನ್ನು ಹೊತ್ತುಕೊಂಡು ಫ್ಲಾರಿಡಾಗೆ ಹೋಗೋಕಾಗುತ್ತಾ? ನಮ್ಮ ತುಮಕೂರಿನ ಸಿದ್ಧಗಂಗೆಯನ್ನು ಬೇರೆ ಜಿಲ್ಲೆಗೆ ಎತ್ತಿಡಲು ಆಗುತ್ತಾ, ಹಾಗೆ. ಜೊತೆಗೆ ಆಡುತ್ತಿದ್ದ ಹಳೇ ಕಟ್ಟಡವೂ ಮನೆಯವರದ್ದೇ. ಕಟ್ಟಡ ಹೋದವರ ಪಾಡು ಪಿಟ್ಸ್‌ಬರ್ಗಿನವರನ್ನು ಕೇಳಿ.

ಪಿಟ್ಸ್‌ಬರ್ಗ್ ತಂಡ ಮುಚ್ಚಿದಾಗ ಅಲ್ಲಿಂದ ಹರ್ಷಿಗೆ ಬಂದ ಒಬ್ಬರನ್ನು ಹೇಳದೆ ಬಿಡಲಾರೆ. ಫ್ರಾಂಕ್ ಮೇದರ್ಸ್. ಮೇಲಿನ ದರ್ಜೆಯಲ್ಲಿ ಆಡಿದ್ದು ಒಟ್ಟು 23 ಮ್ಯಾಚ್ ಅಷ್ಟೇ. 1956ರಲ್ಲಿ ಆಟಗಾರನೂ ಕೋಚೂ ಎರಡೂ ಆಗಿ ಬಂದರು. 1958, 1959ರಲ್ಲಿ ಸತತ ಕಪ್, 1969ರಲ್ಲಿ ಇನ್ನೊಂದು. ಕೋಚಿಂಗ್ ಬಿಟ್ಟ ಮೇಲೆ ಆಡಳಿತಕ್ಕೆ ಕೂತು 1974, 1980, 1988ರಲ್ಲಿ ಮತ್ತೆ ಮೂರು. ನಿವೃತ್ತರಾದದ್ದು 1991ರಲ್ಲಿ. ಮೂವತ್ತೈದು ವರ್ಷ ಒಂದೇ ಊರು! ಮರುವರ್ಷ ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಒಂದೇ ಶಾಲೆಯಲ್ಲಿ ಸರ್ವೀಸ್ ಮುಗಿಸಿದ ಮೇಷ್ಟ್ರಿಗೆ ಇದರ ಬೆಲೆ ಗೊತ್ತಿರುತ್ತೆ.

ಪ್ರಶ್ನೆ: ಆ ಹರ್ಷಿ ಕಂಪನಿ ಕಟ್ಟಿದ ಊರಂತೆ. ನಮ್ಮದೂ ಕಂಪನಿ ಕಟ್ಟಿದ ಊರೇ. ಕ್ಲಬ್ಬು, ಆಸ್ಪತ್ರೆ, ಆಟದ ಮೈದಾನ ಎಲ್ಲ ಇತ್ತು. ನಮ್ಮಪ್ಪ ಗಣಿಯಲ್ಲಿದ್ದರು. ಗಣಿ ಮುಚ್ಚಿತು, ಎಲ್ಲ ಮುಗಿಯಿತು. ಅವರದ್ದು ಮಾತ್ರ ಹೇಗೆ ಉಳಿಯಿತು? — ಓದುಗರು, ಚಾಂಪಿಯನ್ ರೀಫ್, ಕೆಜಿಎಫ್

ಉತ್ತರ: ನೋಡಮ್ಮ, ಇದಕ್ಕೆ ಉತ್ತರ ಬರೆಯುವಾಗ ಕೈ ಸ್ವಲ್ಪ ನಿಂತಿತು.

ಮೊದಲ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ಚಿನ್ನ ಅಗೆದಷ್ಟೂ ಖಾಲಿಯಾಗುತ್ತೆ. ಹಸು ನಾಳೆಯೂ ಹಾಲು ಕೊಡುತ್ತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗ ಮೇಲೆ ಸಿಗುತ್ತಿದ್ದ ಚಿನ್ನಕ್ಕೆ ಕೊನೆಗಾಲದಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿಯಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಎಳೆದು ತಂದದ್ದು ಊರಿನ ಮೇಲಿನ ಪ್ರೀತಿಗಲ್ಲ, ಗಣಿಯ ಯಂತ್ರಗಳಿಗೆ. ಲಾಭ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಸರ್ಕಾರದ ಕೈಗೆ ಬಂದ ಮೇಲೂ ಅದು ಗಣಿಯ ಊರಾಗಿಯೇ ಇತ್ತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು, ಗಣಿ ತ್ಯಾಜ್ಯದ ಸೈನೈಡ್ ಗುಡ್ಡ ಉಳಿಯಿತು.

ಈಗ ಇದನ್ನು ಕೇಳಿ. ನಿಮ್ಮ ಗಣಿ ಮುಚ್ಚಿದ ಮರುವರ್ಷ, 2002ರಲ್ಲಿ, ಹರ್ಷಿಯ ಚಾಕಲೇಟ್ ಕಂಪನಿಯನ್ನೇ ಮಾರಿಬಿಡೋಣ ಎಂದು ಆ ಟ್ರಸ್ಟ್ ಹೊರಟಿತ್ತು. ಹೌದು, ನಾನು ಮೇಲೆ ಹೊಗಳಿದೆನಲ್ಲ, ಅದೇ ಟ್ರಸ್ಟ್! ಎಲ್ಲ ಹಣ ಒಂದೇ ಕಂಪನಿಯ ಷೇರಲ್ಲಿ ಇಟ್ಟರೆ ಶಾಲೆಗೆ ಅಪಾಯ ಎಂಬುದು ಅವರ ವಾದ. ರಿಗ್ಲಿ ಎಂಬ ಚೂಯಿಂಗ್ ಗಮ್ ಕಂಪನಿ ಸುಮಾರು 1,250 ಕೋಟಿ ಡಾಲರಿಗೆ ಕೊಳ್ಳಲು ಮುಂದೆ ಬಂತು. ಊರಿನವರು ಬೀದಿಗಿಳಿದರು. ಕೆಲಸಗಾರರು, ಅದೇ ಶಾಲೆಯಲ್ಲಿ ಓದಿ ಹೊರಬಂದವರು, ಅಂಗಡಿಯವರು ಎಲ್ಲ ಸೇರಿದರು. ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋಗಿ ತಡೆ ತಂದರು. ಸೆಪ್ಟೆಂಬರಿನಲ್ಲಿ ಮಾರಾಟ ಬಿದ್ದುಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಕಿ ತಂಡ ಹತ್ತೂವರೆ ಸಾವಿರ ಆಸನದ ಹೊಸ ಜಾಗಕ್ಕೆ ಹೋಯಿತು, ನಮ್ಮ ಮೇಷ್ಟ್ರು ಕೂತಿದ್ದ ಜೈಂಟ್ ಸೆಂಟರ್ ಅದೇ. ಊರಿನ ಜನಸಂಖ್ಯೆ ಈಗಲೂ ಸುಮಾರು 14 ಸಾವಿರ. ಬಂಗಾರಪೇಟೆಯೇ ಅದಕ್ಕಿಂತ ದೊಡ್ಡದು.

ಹಾಗಾಗಿ ಮಾಲೀಕ ಒಳ್ಳೆಯವನು, ಅದಕ್ಕೇ ಊರು ಉಳಿಯಿತು ಎನ್ನುವ ಕಥೆಯನ್ನು ನಾನು ಪೂರ್ತಿ ನಂಬುವುದಿಲ್ಲ. 1937ರಲ್ಲಿ ಕೆಲಸಗಾರರು ಕಾರ್ಖಾನೆಯೊಳಗೇ ಕೂತು ಮುಷ್ಕರ ಹೂಡಿದಾಗ, ಹಾಲು ಚೆಲ್ಲಿಹೋಗುತ್ತೆ ಎಂದು ರೊಚ್ಚಿಗೆದ್ದ ರೈತರೂ ಕಂಪನಿ ಪರ ಕೆಲಸಗಾರರೂ ನುಗ್ಗಿ ಅವರನ್ನು ಹೊಡೆದು ಹೊರಹಾಕಿದ್ದರು. ಅದೂ ಆ ಸಿಹಿ ಊರಲ್ಲೇ ನಡೆದದ್ದು. ಚಾಕಲೇಟ್ ಅವೆನ್ಯೂ ಮೇಲಿನ ಹಳೇ ಕಾರ್ಖಾನೆಯೂ 2012ರಲ್ಲಿ ಮುಚ್ಚಿ, ಕೆಲಸ ಊರಾಚೆಯ ಹೊಸ ಘಟಕಕ್ಕೆ ಹೋಯಿತು. ಆದರೆ ದಾನಪತ್ರ ಎಂಬ ಒಂದು ಕಾಗದ ಇತ್ತು. ಅದನ್ನು ಹಿಡಿದು ಕೋರ್ಟಿನಲ್ಲಿ ಜಗಳ ಆಡಬಹುದಿತ್ತು. ನಿಮ್ಮಪ್ಪನಂಥವರ ಕೈಯಲ್ಲಿ ಅಂಥ ಕಾಗದ ಇರಲಿಲ್ಲ. ಅವರಿದ್ದ ಲೈನ್ ಮನೆಯೂ ಅವರದಾಗಿರಲಿಲ್ಲ.

ಇನ್ನೊಂದು ಮಾತು. ಆ ಊರಿನವರಿಗೆ ಅರೀನಾ ಬರೀ ಆಟದ ಜಾಗ ಅಲ್ಲ. 1979ರ ಮಾರ್ಚಿನಲ್ಲಿ ಹತ್ತಿರದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತ ಆಯಿತು. ಬಸುರಿಯರು, ಪುಟ್ಟ ಮಕ್ಕಳು ದೂರ ಹೋಗಿ ಎಂದು ಗವರ್ನರ್ ಹೇಳಿದಾಗ ಅವರಿಗೆ ಆಶ್ರಯ ಕೊಟ್ಟದ್ದು ಕರಡಿಗಳ ಅರೀನಾ.

ಪ್ರಶ್ನೆ: ಮೈನರ್ ಲೀಗ್ ಅಂದರೆ ನಮ್ಮ ರಣಜಿ ಥರಾನಾ ಸರ್? — ಪದವಿ ವಿದ್ಯಾರ್ಥಿ, ಕೋಲಾರ

ಉತ್ತರ: ಹತ್ತಿರ ಬಂದೆ, ಆದರೆ ಪೂರ್ತಿ ಅಲ್ಲಪ್ಪ. ರಣಜಿಯಲ್ಲಿ ಕರ್ನಾಟಕ ಯಾರ ಕೈಕೆಳಗೂ ಇಲ್ಲ. ಇಲ್ಲಿ ಹಾಗಲ್ಲ. ಮೇಲೆ ನ್ಯಾಷನಲ್ ಹಾಕಿ ಲೀಗ್, ಎನ್‌ಎಚ್‌ಎಲ್. ಅದರ 32 ತಂಡಕ್ಕೂ ಕೆಳಗೆ ಎಎಚ್‌ಎಲ್‌ನಲ್ಲಿ ಒಂದೊಂದು ಜೊತೆ ತಂಡ. ಹರ್ಷಿಯ ಜೊತೆ 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್‌ನದ್ದು. ಅದಕ್ಕೂ ಮುಂಚೆ ಕೊಲರಾಡೋ, ಅದಕ್ಕೂ ಮುಂಚೆ ಫಿಲಡೆಲ್ಫಿಯಾ, ಹೀಗೆ ಬದಲಾಗಿದೆ. ಆಟಗಾರರ ಒಪ್ಪಂದ, ಸಂಬಳ ಹೆಚ್ಚಾಗಿ ಮೇಲಿನವರದ್ದು. ಅಲ್ಲಿ ಒಬ್ಬನಿಗೆ ಪೆಟ್ಟಾದರೆ ರಾತ್ರಿ ಫೋನ್ ಬರುತ್ತೆ, ಬೆಳಿಗ್ಗೆ ಹರ್ಷಿಯ ಹುಡುಗ ಬ್ಯಾಗ್ ಎತ್ತಿಕೊಂಡು ಹೊರಟ.

ನಮ್ಮ ಎಪಿಎಂಸಿಯ ಟೊಮೆಟೊ ಲೆಕ್ಕ ನೆನಪಿಸಿಕೋ. ಬೆಳೆದದ್ದು ಇಲ್ಲಿ, ನೀರು ಹಾಕಿ ಔಷಧಿ ಹೊಡೆದು ಕಾದದ್ದು ಇಲ್ಲಿ. ಹರಾಜಾದ ಕೂಡಲೇ ಒಳ್ಳೊಳ್ಳೆ ಬಾಕ್ಸೆಲ್ಲ ಲಾರಿ ಹತ್ತಿ ದೂರದ ಊರಿಗೆ. ಹರ್ಷಿಯ ಅಭಿಮಾನಿ ಪಾಡೂ ಅದೇ. ಜನವರಿಯಲ್ಲಿ ಇಷ್ಟಪಟ್ಟ ಆಟಗಾರ ಫೆಬ್ರವರಿಯಲ್ಲಿ ಟಿವಿಯಲ್ಲಿ ಕಾಣುತ್ತಾನೆ. 2010ರಲ್ಲಿ ಹರ್ಷಿಗೆ ಕಪ್ ಗೆದ್ದುಕೊಟ್ಟವರಲ್ಲಿ ಬ್ರೇಡನ್ ಹೋಲ್ಟ್‌ಬಿ, ಜಾನ್ ಕಾರ್ಲ್‌ಸನ್ ಇದ್ದರು. 2018ರಲ್ಲಿ ವಾಷಿಂಗ್ಟನ್ ಮೊದಲ ಸಲ ಎನ್‌ಎಚ್‌ಎಲ್‌ನ ಟ್ರೋಫಿ ಸ್ಟ್ಯಾನ್ಲಿ ಕಪ್ ಎತ್ತಿದಾಗ ಅವರೇ ಮುಂದೆ. ಆಗ ಹರ್ಷಿಯವರು ‘ಇವನು ನಮ್ಮ ಹುಡುಗ’ ಎಂದು ಟಿವಿ ಮುಂದೆ ಕೂತು ಹೇಳಿರುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ಮೇಷ್ಟ್ರ ‘ಎರಡನೇ ದರ್ಜೆಗೆ ಇಷ್ಟು ಜನ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲೂ ಸ್ವಲ್ಪ ಇದೆ. ಆಟಗಾರರು ಬಂದು ಹೋಗುತ್ತಾರೆ ಎಂದು ಗೊತ್ತಿರುವ ಜನ ಆಟಗಾರನಿಗೆ ಅಂಟಿಕೊಳ್ಳುವುದಿಲ್ಲ, ಅಂಗಿಗೆ ಅಂಟಿಕೊಳ್ಳುತ್ತಾರೆ.

ಪ್ರಶ್ನೆ: ಅಷ್ಟು ದೊಡ್ಡ ಜಾಗದಲ್ಲಿ ಐಸ್ ಕರಗದ ಹಾಗೆ ಹೇಗೆ ಇಡುತ್ತಾರೆ? ನಮ್ಮ ಹೋಟೆಲಿನ ಫ್ರೀಜರೇ ಕರೆಂಟ್ ಹೋದರೆ ಅರ್ಧ ಗಂಟೆ ತಡೆಯಲ್ಲ. — ದೋಸೆ ಹೋಟೆಲ್ ಮಾಲೀಕರು, ಮುಳಬಾಗಿಲು

ಉತ್ತರ: ನಿಮ್ಮ ದೋಸೆ ಕಾವಲಿಯನ್ನು ತಿರುಗುಮುರುಗು ಮಾಡಿ ನೋಡಿ ಸ್ವಾಮಿ, ಅಷ್ಟೇ. ಕಾವಲಿ ಕೆಳಗೆ ಬೆಂಕಿ, ಇಲ್ಲಿ ಕೆಳಗೆ ಚಳಿ. ಕಾಂಕ್ರೀಟ್ ನೆಲದೊಳಗೆ ಮೈಲಿಗಟ್ಟಲೆ ಪೈಪು, ಅದರಲ್ಲಿ ಕೊರೆಯುವ ಉಪ್ಪುನೀರು ಓಡುತ್ತಿರುತ್ತೆ. ಉಪ್ಪುನೀರು ಯಾಕೆ ಅಂದರೆ ಸೊನ್ನೆ ಡಿಗ್ರಿಯಲ್ಲಿ ಅದು ಗಟ್ಟಿಯಾಗಲ್ಲ. ಮೇಲೆ ನೀರನ್ನು ತೆಳ್ಳಗೆ, ನೀರುದೋಸೆಗಿಂತ ತೆಳ್ಳಗೆ, ಪದರ ಪದರವಾಗಿ ಚಿಮುಕಿಸುತ್ತಾ ಬರುತ್ತಾರೆ. ಒಂದೆರಡು ಪದರ ಆದ ಮೇಲೆ ಬಿಳಿ ಬಣ್ಣ, ಗೆರೆಗಳು, ಮೇಲೆ ಮತ್ತೆ ನೀರು. ಎಲ್ಲ ಸೇರಿ ಐಸ್ ದಪ್ಪ ಒಂದು ಇಂಚಿನ ಆಚೆ ಈಚೆ. 200 ಅಡಿ ಉದ್ದ, 85 ಅಡಿ ಅಗಲ. ಆಡುವ ಪಕ್ ರಬ್ಬರಿನ ಬಿಲ್ಲೆ, ಮೂರು ಇಂಚು ಅಡ್ಡಗಲ, ಒಂದು ಇಂಚು ದಪ್ಪ. ಅದನ್ನೂ ಫ್ರೀಜರಿನಲ್ಲಿಟ್ಟು ತರುತ್ತಾರೆ, ಇಲ್ಲದಿದ್ದರೆ ಪುಟಿಯುತ್ತೆ.

ಇಪ್ಪತ್ತು ನಿಮಿಷದ ಆಟ ಮೂರು ಸಲ. ನಡುವೆ ಒಂದು ಗಾಡಿ ಬಂದು ಗೀರು ಬಿದ್ದ ಐಸನ್ನು ಹೆರೆದು ಮೇಲೆ ನೀರು ಸವರಿ ಹೋಗುತ್ತೆ. ಅದೂ ಬಿಸಿ ನೀರು! ಬಿಸಿ ನೀರು ಕೆಳಗಿನ ಐಸನ್ನು ಚೂರು ಕರಗಿಸಿ ಚೆನ್ನಾಗಿ ಬೆಸೆದುಕೊಳ್ಳುತ್ತೆ. ಗಾಡಿ ಮಾಡಿದವರು ಫ್ರಾಂಕ್ ಜಾಂಬೋನಿ, 1949ರಲ್ಲಿ, ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ. ಅವರ ಮೊದಲ ವ್ಯಾಪಾರ ಐಸ್ ಗಡ್ಡೆ ಮಾರೋದು. ಮನೆ ಮನೆಗೆ ಫ್ರಿಜ್ ಬಂದು ಗಡ್ಡೆ ಕೊಳ್ಳುವವರು ಕಮ್ಮಿಯಾದಾಗ ಸ್ಕೇಟಿಂಗ್ ರಿಂಕ್, ಅಂದರೆ ಐಸ್ ಮೈದಾನ, ಹಾಕಿದರು. ಹೋಟೆಲಿನವರು ತಿಳಿದಿರಲಿ ಎಂದು ಹೇಳಿದೆ.

ಇನ್ನೊಂದು. ಐಸ್ ಮುಚ್ಚಿ ಮೇಲೆ ಹಲಗೆ ನೆಲ ಹಾಸಿದರೆ ಬಾಸ್ಕೆಟ್‌ಬಾಲೂ ಆಡಬಹುದು. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲಿನ್ ಒಂದೇ ಮ್ಯಾಚಲ್ಲಿ 100 ಪಾಯಿಂಟ್ ಹೊಡೆದದ್ದು ಹರ್ಷಿಯ ಹಳೇ ಅರೀನಾದಲ್ಲಿ. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ನೋಡಲು ಬಂದಿದ್ದವರು 4,124 ಜನ ಮಾತ್ರ. ಕರಡಿಗಳ ಮ್ಯಾಚಾಗಿದ್ದರೆ ಜಾಸ್ತಿ ಬರುತ್ತಿದ್ದರೋ ಏನೋ.

ಪ್ರಶ್ನೆ: ಇವರ ಅತ್ಯಂತ ಒಳ್ಳೆಯ ಗೆಲುವು ಯಾವುದು? ಒಂದೇ ಹೇಳಿ. — ಓದುಗರು, ಮಾಲೂರು

ಉತ್ತರ: ಒಂದೇ ಅಂದರೆ ಕಷ್ಟ. ಅಂಕಿ ನೋಡುವವರು 1988 ಅಂತಾರೆ. ಆ ವರ್ಷ ಪ್ಲೇಆಫಿನಲ್ಲಿ ಹನ್ನೆರಡು ಮ್ಯಾಚ್, ಹನ್ನೆರಡೂ ಗೆಲುವು, ಒಂದೂ ಸೋಲಿಲ್ಲ. 2009-10ರಲ್ಲಿ 80 ಮ್ಯಾಚಲ್ಲಿ 60 ಗೆದ್ದರು, ಆಮೇಲೆ ಕಪ್ಪನ್ನೂ ಗೆದ್ದರು. ಆದರೆ ಸಲೀಸಾಗಿ ಗೆದ್ದದ್ದರಲ್ಲಿ ಕಥೆ ಏನಿದೆ?

ನನ್ನ ಓಟು 2023ಕ್ಕೆ. ಎದುರಾಳಿ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್, ಅವರಿಗೆ ಅದು ಮೊದಲ ವರ್ಷ. ಊರು ಕ್ಯಾಲಿಫೋರ್ನಿಯಾದ ಮರುಭೂಮಿ. ಜೂನ್ ತಿಂಗಳು, ಹೊರಗೆ ಸುಡು ಬಿಸಿಲು, ಒಳಗೆ ಐಸ್. ಏಳು ಮ್ಯಾಚಿನ ಫೈನಲಿನಲ್ಲಿ ಮೊದಲನೆಯದರಲ್ಲಿ ಹರ್ಷಿಗೆ 0-5 ಸೋಲು. ಎರಡನೆಯದು 0-4. ಎರಡು ಮ್ಯಾಚ್, ಒಂದೂ ಗೋಲಿಲ್ಲ, ಒಂಬತ್ತು ತಿಂದಿದ್ದಾರೆ. ಮನೆಗೆ ಬಂದು ಮೂರು ಗೆದ್ದರು. ಮತ್ತೆ ಮರುಭೂಮಿಗೆ ಹೋಗಿ ಆರನೆಯದು ಸೋತರು. ಏಳನೆಯದು ಜೂನ್ 21ಕ್ಕೆ, ಅದೇ ಮರುಭೂಮಿಯಲ್ಲಿ. ಅಲ್ಲೂ 0-2 ಹಿಂದೆ. ಹೇಗೋ ಎರಡು ಗೋಲು ತೀರಿಸಿದರು. ಹೆಚ್ಚುವರಿ ಸಮಯ, ಮೊದಲು ಹೊಡೆದವರಿಗೆ ಕಪ್. ಹದಿನಾರು ನಿಮಿಷ ದಾಟಿದ ಮೇಲೆ ಮೈಕ್ ವೆಕ್ಕಿಯೋನಿ ಹೊಡೆದ. 3-2. ಮರುವರ್ಷ ಅದೇ ತಂಡ, ಅದೇ ಫೈನಲ್, ಮತ್ತೆ ಹೆಚ್ಚುವರಿ ಸಮಯದ ಗೋಲಿಗೆ ಹರ್ಷಿಯದ್ದೇ ಕಪ್. ಫೈರ್‌ಬರ್ಡ್ಸ್ ಅಭಿಮಾನಿಗಳ ಮುಂದೆ ಕರಡಿ ಹೆಸರು ಎತ್ತಬೇಡಿ.

ಪ್ರಶ್ನೆ: ಗೊಂಬೆ ಬದಲು ಮಾವಿನಹಣ್ಣು ಎಸೆಯಬಹುದಾ? — ಶ್ರೀನಿವಾಸಪುರ

ಉತ್ತರ: ಬೆಲೆ ಬಿದ್ದ ವರ್ಷ ನೀವು ರಸ್ತೆಗೇ ಸುರಿಯುತ್ತೀರಲ್ಲ, ಮೊದಲು ಅದಕ್ಕೊಂದು ದಾರಿ ಆಗಲಿ. ಅಂದ ಹಾಗೆ ಈ ಗೊಂಬೆ ಎಸೆತ ಹರ್ಷಿಯವರ ಕಲ್ಪನೆಯಲ್ಲ. ಕೆನಡಾದ ಕ್ಯಾಮ್‌ಲೂಪ್ಸ್ ಎಂಬ ಊರಲ್ಲಿ 1993ರಲ್ಲಿ ಶುರುವಾದದ್ದು. ಕರಡಿ ಹೆಸರಿನ ತಂಡಕ್ಕೆ ಅದು ಚೆನ್ನಾಗಿ ಒಪ್ಪಿತು ಅಷ್ಟೇ.

ಪ್ರಶ್ನೆ: ನನ್ನ ಮಗಳು ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಐಸ್ ಹಾಕಿ ಆಡಬೇಕಂತೆ. ನಮ್ಮ ದೇಶದಲ್ಲಿ ಇದೆಯಾ? — ಗೃಹಿಣಿ, ಕೋಲಾರ

ಉತ್ತರ: ಇದೆ, ಆದರೆ ದೂರ. ಲಡಾಖಿನಲ್ಲಿ ಚಳಿಗಾಲ ಬಂದರೆ ಕೆರೆಗಳೇ ಮೈದಾನ. ಶಿಮ್ಲಾದಲ್ಲಿ 1920ರಿಂದ ಒಂದು ರಿಂಕ್ ಇದೆ, ಯಂತ್ರ ಇಲ್ಲ, ಚಳಿಗೇ ನೀರು ಗಟ್ಟಿಯಾಗಬೇಕು. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಒಳಾಂಗಣ ರಿಂಕ್ ಕಟ್ಟಿದರು, ಕೂಟ ಮುಗಿದ ಮೇಲೆ ವರ್ಷಗಟ್ಟಲೆ ಬಾಗಿಲು ಹಾಕಿತ್ತು, 2025ರಲ್ಲಿ ಮತ್ತೆ ತೆರೆದರು. ಅದೇ 2025ರಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಿತು, ಹುಡುಗಿಯರಲ್ಲಿ ಬಹಳಷ್ಟು ಜನ ಲಡಾಖಿನವರು. ಮಗಳಿಗೆ ಆ ಮ್ಯಾಚಿನ ವಿಡಿಯೋ ತೋರಿಸಿ. ಒಂದೇ ಸಾಲಲ್ಲಿ ಚಕ್ರ ಇರುವ ಸ್ಕೇಟ್ ಅಂತ ಸಿಗುತ್ತೆ, ಇನ್‌ಲೈನ್ ಅಂತಾರೆ, ಅದರಲ್ಲಿ ಆಡುವ ಹಾಕಿಯೂ ಇದೆ. ಅದರಲ್ಲಿ ಕಾಲು ಪಳಗಿದರೆ ಐಸ್ ಮೇಲೆ ಹೋಗೋದು ಸುಲಭ. ಬೀಳೋದಕ್ಕೆ ಮುಂಚೆ ಮೊಣಕಾಲಿನ ಕವಚ, ಹೆಲ್ಮೆಟ್ ಕೊಡಿಸಿ. ಬಿದ್ದ ಮೇಲೆ ಅಲ್ಲ.

ಪ್ರಶ್ನೆ: ಐಸ್ ಹಾಕಿ ಬಗ್ಗೆ ಬರೆಯುತ್ತೀನಿ ಅಂದಿರಲ್ಲ, ನೀವು ಯಾವತ್ತಾದರೂ ಐಸ್ ಮೇಲೆ ನಿಂತಿದ್ದೀರಾ? — ಹೆಸರು ಬೇಡ, ಮಾಲೂರು

ಉತ್ತರ: ಒಂದೇ ಸಲ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ಹಿಮದ ಮನೆಯಲ್ಲಿ, ತಂಗಿ ಮಕ್ಕಳ ಜೊತೆ. ನಿಂತಿದ್ದು ಎರಡು ನಿಮಿಷ, ಕೂತಿದ್ದೇ ಜಾಸ್ತಿ.